ಸೋರದ ಬಾಯಿ, ಕಚ್ಚಿಕೊಳ್ಳದ ಮುಚ್ಚಳ

ಈ ತಿಂಗಳು ಬಂದ ಕಾಗದಗಳಲ್ಲಿ ಅಂಟಿನ ವಿಷಯವೇ ಜಾಸ್ತಿ. ನಮ್ಮ ಊರಲ್ಲಿ ಮಳೆಗಾಲ ಶುರುವಾದರೆ ಹೀಗೆಯೇ. ಚಪ್ಪಲಿ ಬಾಯಿ ಬಿಡುತ್ತದೆ, ಕೊಡೆಯ ಹಿಡಿ ಕಳಚುತ್ತದೆ, ಕಪಾಟಿನ ಪ್ಲೈವುಡ್ ಎದ್ದು ನಿಲ್ಲುತ್ತದೆ. ಅಂಟು ಹುಡುಕಿ ತೆಗೆದರೆ ಅದರ ಮುಚ್ಚಳವೇ ತೆರೆಯುವುದಿಲ್ಲ. ಬೈಕಂಪಾಡಿಯಲ್ಲಿ ಪ್ಲಾಸ್ಟಿಕ್ ಬಾಟಲಿ ಮಾಡುವ ಒಂದು ಘಟಕದಲ್ಲಿ ನಾನು 22 ವರ್ಷ ದುಡಿದಿದ್ದೇನೆ. ಅದರಲ್ಲಿ ಹದಿನೈದು ವರ್ಷ ತಪಾಸಣೆಯ ಮೇಜಿನಲ್ಲೇ ಕಳೆಯಿತು. ಎಣ್ಣೆ, ಫಿನಾಯಿಲ್, ಶರಬತ್ತು, ಅಂಟು, ಎಲ್ಲದರ ಬಾಟಲಿಯೂ ಈ ಕೈಯಲ್ಲಿ ಹಾದು ಹೋಗಿದೆ. ತುಂಬ ಕಾಡಿದ್ದು ಅಂಟಿನ ಬಾಟಲಿ. ಹಾಗಾಗಿ ಮೊದಲ ಪ್ರಶ್ನೆಗೆ ಉದ್ದಕ್ಕೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ಕಟಪಾಡಿಯಲ್ಲಿ ಸಣ್ಣ ಶೆಡ್ ಹಾಕಿ ಮರಕ್ಕೆ, ಕಾಗದಕ್ಕೆ ಹಚ್ಚುವ ಬಿಳಿ ಅಂಟು ತಯಾರಿಸುತ್ತಿದ್ದೇನೆ. 100 ಗ್ರಾಂ ಬಾಟಲಿ. ಉಡುಪಿ, ಕಾರ್ಕಳದ ಅಂಗಡಿಗಳಿಂದ ದೂರಿಲ್ಲ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಹಾಕಿದರೆ ಮಾತ್ರ ಒಂದೊಂದು ಬಾಕ್ಸಿನಲ್ಲಿ ಆರೇಳು ಬಾಟಲಿ ಸೋರಿರುತ್ತದೆ. ಮುಚ್ಚಳ ಇನ್ನೂ ಬಿಗಿ ಮಾಡಿಸಿದೆ. ಈಗ ಗಿರಾಕಿಗಳು, ‘ಒಮ್ಮೆ ತೆರೆದು ಮುಚ್ಚಿದರೆ ಮತ್ತೆ ತೆರೆಯಲು ಇಕ್ಕಳ ಬೇಕು’ ಅನ್ನುತ್ತಿದ್ದಾರೆ. ಸೋರಲೂಬಾರದು, ಸುಲಭವಾಗಿ ತೆರೆಯಲೂಬೇಕು. ಎರಡೂ ಒಟ್ಟಿಗೆ ಆಗುತ್ತದಾ?

ಉತ್ತರ: ಆಗುತ್ತದೆ ತಮ್ಮಾ. ನಿಮ್ಮ ಎರಡು ದೂರೂ ಒಂದೇ ಜಾಗದ್ದು. ಅದು ಬಾಟಲಿಯ ಬಾಯಿಯ ಅಂಚು. ಆ ಅಂಚು ಮಟ್ಟವಾಗಿ, ಚೊಕ್ಕವಾಗಿ ಇದ್ದರೆ ಸೋರುವುದೂ ನಿಲ್ಲುತ್ತದೆ, ಮುಚ್ಚಳ ಕಚ್ಚಿಕೊಳ್ಳುವುದೂ ನಿಲ್ಲುತ್ತದೆ. ಬಿಗಿ ಮಾಡುತ್ತಾ ಹೋಗುವುದು ಮದ್ದಲ್ಲ. ಅಳತೆ ಮೀರಿ ತಿರುಗಿಸಿದರೆ ಮುಚ್ಚಳದೊಳಗಿನ ವಾಶರ್ ಜಜ್ಜಿಹೋಗುತ್ತದೆ, ಥ್ರೆಡ್ (ಮುಚ್ಚಳ ತಿರುಗಿ ಕೂರುವ ತಿರುಪಿನ ಗೆರೆ) ಹಾರುತ್ತದೆ, ಮುಚ್ಚಳದ ನಡುಭಾಗ ಸ್ವಲ್ಪ ಉಬ್ಬಿ ಅಂಚಿನಿಂದ ಮೇಲೇಳುತ್ತದೆ. ಕೈಗೆ ಬಿಗಿ ಅನ್ನಿಸಿದರೂ ಒಳಗೆ ಸಡಿಲ.

ಬೆಂಗಳೂರಿಗೆ ಮಾತ್ರ ಯಾಕೆ ಸೋರುತ್ತದೆ ಅಂತ ಮೊದಲು ನೋಡೋಣ. ನೀವು ಬಾಟಲಿ ಮುಚ್ಚುವುದು ಸಮುದ್ರ ಮಟ್ಟದಲ್ಲಿ. ಬೆಂಗಳೂರು ಇರುವುದು 900 ಮೀಟರಿಗಿಂತ ಎತ್ತರದಲ್ಲಿ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಇಲ್ಲಿಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಮ್ಮಿ. ಘಾಟಿ ಹತ್ತಿದಾಗ ಚಿಪ್ಸ್ ಪ್ಯಾಕೆಟ್ ಬಲೂನಿನ ಹಾಗೆ ಉಬ್ಬುವುದನ್ನು ನೀವು ನೋಡಿರುತ್ತೀರಿ, ಅಲ್ವಾ? ನಿಮ್ಮ ಬಾಟಲಿಯೊಳಗೆ ಅಂಟಿನ ಮೇಲೆ ಉಳಿದ ಗಾಳಿಯೂ ಹಾಗೆಯೇ ಹಿಗ್ಗಲು ನೋಡುತ್ತದೆ. ಇದರ ಮೇಲೆ ಬಿಸಿ ಬೇರೆ. ಪಾರ್ಸೆಲ್ ಸಂಜೆವರೆಗೆ ಬಿಸಿಲಲ್ಲಿ ಬಿದ್ದಿದ್ದರೆ, 25 ಡಿಗ್ರಿಯಲ್ಲಿದ್ದ ಗಾಳಿ 45 ಡಿಗ್ರಿಗೆ ಬರುವಾಗ ನೂರಕ್ಕೆ ಏಳು ಪಾಲಿನಷ್ಟು ಹಿಗ್ಗುತ್ತದೆ.

ಬಾಟಲಿ ನೆಟ್ಟಗೆ ನಿಂತಿದ್ದರೆ ಈ ಒತ್ತಡಕ್ಕೆ ಹೊರಗೆ ಬರುವುದು ಗಾಳಿ. ಅದರಿಂದ ನಷ್ಟವಿಲ್ಲ. ಅಡ್ಡ ಮಲಗಿದ್ದರೆ ಬಾಯಿಯ ಹತ್ತಿರ ಇರುವುದು ಅಂಟು. ಹಿಂದಿನಿಂದ ಗಾಳಿ ತಳ್ಳುತ್ತದೆ, ಮುಂದಿನಿಂದ ಅಂಟು ಹೊರಡುತ್ತದೆ. ಬಾಕ್ಸಿನ ಮೇಲೆ ಇನ್ನೊಬ್ಬರ ಅಕ್ಕಿ ಮೂಟೆ ಬಿದ್ದರಂತೂ ಕೇಳುವುದೇ ಬೇಡ. ಆದ್ದರಿಂದ ನಾಳೆಯೇ ಮಾಡಬಹುದಾದ ಎರಡು ಕೆಲಸ ಇವೆ. ಬಾಕ್ಸಿನೊಳಗೆ ರಟ್ಟಿನ ಅಡ್ಡ ಉದ್ದ ಗೋಡೆ ಹಾಕಿ, ಪ್ರತಿ ಬಾಟಲಿಯೂ ತನ್ನ ಕೋಣೆಯಲ್ಲಿ ನಿಲ್ಲಲಿ. ಬಾಕ್ಸಿನ ನಾಲ್ಕೂ ಬದಿಗೆ ಮೇಲ್ಮುಖ ಬಾಣದ ಗುರುತು ದೊಡ್ಡದಾಗಿ ಹೊಡೆಸಿ. ಇನ್ನು ತುಂಬಿಸುವಾಗ ಅಂಟು ಕುತ್ತಿಗೆಯ ಬುಡಕ್ಕೆ ನಿಲ್ಲಲಿ. ಕಂಠಮಟ್ಟ ತುಂಬಿಸಿದರೆ ಹಿಗ್ಗಲು ಜಾಗವೇ ಇರುವುದಿಲ್ಲ.

ಈಗ ಬಾಯಿಯ ವಿಷಯ. ನನ್ನ ಅನುಭವ ಹೇಳುತ್ತೇನೆ.

ಒಂದು ಮಳೆಗಾಲದಲ್ಲಿ ನಮ್ಮ ಘಟಕದ ಬಾಟಲಿಗಳು ರಾಶಿ ರಾಶಿ ವಾಪಸ್ ಬಂದವು. ಒಳಗಿದ್ದದ್ದು ಇದೇ ಬಿಳಿ ಅಂಟು. ಮುಚ್ಚಳದ ತಪ್ಪು ಅಂತ ಎಲ್ಲರೂ ಹೇಳಿದರು. ಬೇರೆ ಕಡೆಯ ಮುಚ್ಚಳ ತರಿಸಿ ಹಾಕಿದೆವು, ಮತ್ತೆ ಸೋರಿತು. ಒಂದು ಬಾಟಲಿಯ ಬಾಯಿ ಬಿಸಿನೀರಲ್ಲಿ ತೊಳೆದು, ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಆಮೇಲೆ ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ನಿಧಾನ ಒಂದು ಸುತ್ತು ಎಳೆದೆ. ಒಂದು ಕಡೆ ಉಗುರು ತಡೆಯಿತು. ಅದಕ್ಕೆ ಸರಿ ಎದುರು ಇನ್ನೊಂದು ಕಡೆ ಮತ್ತೆ ತಡೆಯಿತು. ಅಚ್ಚಿನ ಎರಡು ಹೋಳು ಕೂಡುವ ಜಾಗ ಅದು. ಅಲ್ಲಿ ಪ್ಲಾಸ್ಟಿಕ್ ಹಿಂಡಿ ಬಂದು ಕೂದಲಿನಷ್ಟು ದಪ್ಪದ ಏಣು ನಿಂತಿತ್ತು. ವಾಶರ್ ಆ ಏಣಿನ ಮೇಲೆ ಕೂತಾಗ ಅದರ ಎರಡೂ ಪಕ್ಕದಲ್ಲಿ ಸಣ್ಣ ಸಂದು ಉಳಿಯುತ್ತದೆ, ಮಂಚದ ಕಾಲಿನಡಿ ಕಲ್ಲು ಸಿಕ್ಕಿಬಿದ್ದ ಹಾಗೆ. ಮೇಜಿನ ಮೇಲೆ ಇಟ್ಟರೆ ಆ ಸಂದಿನಲ್ಲಿ ಏನೂ ಬರುವುದಿಲ್ಲ. ಎಂಟು ಗಂಟೆ ಬಸ್ಸಿನಲ್ಲಿ ಅಡ್ಡ ಮಲಗಿ ಅಲುಗಾಡಿದರೆ ಬರುತ್ತದೆ. ಅಚ್ಚು ಬಿಚ್ಚಿ ಕೂಡುವ ಜಾಗ ಸರಿ ಮಾಡಿಸಿದೆವು. ಬಾಯಿಯ ಅಂಚನ್ನು ಬ್ಲೇಡಿನಿಂದ ಮಟ್ಟ ಹೊಡೆಯುವ ಕೆಲಸವೊಂದನ್ನು ಸೇರಿಸಿದೆವು. ಅದರ ನಂತರ ಆ ದೂರು ಬರಲಿಲ್ಲ.

ನೀವು ಬಾಟಲಿ ಖರೀದಿ ಮಾಡುವಾಗ ಚೀಲದಿಂದ ಹತ್ತು ಬಾಟಲಿ ಎತ್ತಿ, ಉಗುರು ಎಳೆದು ನೋಡಿ. ಉಗುರು ತಡೆದರೆ ಆ ಚೀಲ ಬೇಡ. ಬೆಲೆ ಎಷ್ಟೇ ಕಮ್ಮಿ ಹೇಳಿದರೂ ಬೇಡ.

ಬಾಯಿ ಮಟ್ಟ ಇದೆ ಅಂತಾದ ಮೇಲೆ ಫಾಯಿಲ್ ಸೀಲ್ ಹಾಕಿಸಿ. ಮುಚ್ಚಳದೊಳಗೆ ಅಲ್ಯೂಮಿನಿಯಂ ಹಾಳೆಯ ಬಿಲ್ಲೆ ಇರುತ್ತದೆ. ಮುಚ್ಚಳ ತಿರುಗಿಸಿದ ಮೇಲೆ ಇಂಡಕ್ಷನ್ ಮಷಿನನ್ನು ಅದರ ಮೇಲೆ ಒಂದೆರಡು ಸೆಕೆಂಡ್ ಹಿಡಿಯುತ್ತಾರೆ. ಅಡುಗೆಮನೆಯ ಇಂಡಕ್ಷನ್ ಒಲೆ ಪಾತ್ರೆಯನ್ನು ಮಾತ್ರ ಬಿಸಿ ಮಾಡುವ ಹಾಗೆ, ಇದು ಹಾಳೆಯನ್ನು ಮಾತ್ರ ಬಿಸಿ ಮಾಡುತ್ತದೆ. ಹಾಳೆಯ ಅಡಿಯ ಪ್ಲಾಸ್ಟಿಕ್ ಪದರ ಕರಗಿ ಬಾಟಲಿಯ ಅಂಚಿಗೆ ಬೆಸೆದುಕೊಳ್ಳುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಮಷಿನ್ ಸಿಗುತ್ತದೆ, ನಿಮ್ಮ ಶೆಡ್ಡಿಗೆ ಅದು ಸಾಕು. ಎರಡು ಎಚ್ಚರಿಕೆ. ಪಾಲಿಥಿನ್ ಬಾಟಲಿಗೆ ಪಾಲಿಥಿನ್‌ಗೆ ಬೆಸೆಯುವ ಹಾಳೆ, ಪೆಟ್ (ಕುಡಿಯುವ ನೀರು ಮಾರುವ ಬಾಟಲಿಯ ಪಾರದರ್ಶಕ ಪ್ಲಾಸ್ಟಿಕ್) ಬಾಟಲಿಗೆ ಪೆಟ್‌ಗೆ ಬೆಸೆಯುವ ಹಾಳೆ ಅಂತ ಕೇಳಿ ತೆಗೆದುಕೊಳ್ಳಿ. ಅದಲು ಬದಲಾದರೆ ಸುಮ್ನೆ ಕೂತಿರುತ್ತದೆ, ಬೆಸೆಯುವುದಿಲ್ಲ. ಇನ್ನೊಂದು, ತುಂಬಿಸುವಾಗ ಅಂಚಿನ ಮೇಲೆ ಒಂದು ಹನಿ ಅಂಟು ಬಿದ್ದಿದ್ದರೂ ಆ ಜಾಗದಲ್ಲಿ ಸೀಲ್ ಹಿಡಿಯುವುದಿಲ್ಲ. ತುಂಬಿಸುವ ಕೊಳವೆ ಬಾಯಿಯೊಳಗೆ ಇಳಿಯಲಿ, ಹನಿ ನಿಂತ ಮೇಲೆ ಮೇಲೇಳಲಿ.

ಫಾಯಿಲ್ ಕಾಯುವುದು ಗಿರಾಕಿಯ ಕೈ ಸೇರುವ ತನಕ ಮಾತ್ರ. ಅವರು ಅದನ್ನು ಕಿತ್ತ ಮೇಲೆ ಏನು? ಇಲ್ಲಿಯೇ ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದಿಲ್ಲ. ಮಾರಾಟ ಆಯಿತಲ್ಲ ಅಂತ ಬಿಟ್ಟುಬಿಡುತ್ತಾರೆ. ನೀವು ಈ ಪ್ರಶ್ನೆ ಕೇಳಿದ್ದೇ ನನಗೆ ಸಂತೋಷ.

ಬಿಳಿ ಅಂಟು ಒಣಗುವುದು ಅದರಲ್ಲಿರುವ ನೀರು ಆರಿ ಹೋದಾಗ. ಪಾಲಿಥಿನ್ ಮೇಲೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ, ಒಣಗಿದ ಮೇಲೆ ಸಿಪ್ಪೆಯ ಹಾಗೆ ಏಳುತ್ತದೆ. ಹಾಗಾದರೆ ಮುಚ್ಚಳ ಯಾಕೆ ಕಚ್ಚಿಕೊಳ್ಳುತ್ತದೆ? ಅಂಟು ಥ್ರೆಡ್ಡಿನ ಸಂದಿಗೆ ಇಳಿದು ಅಲ್ಲೇ ಬೆಣೆಯ ಹಾಗೆ ಗಟ್ಟಿಯಾಗುತ್ತದೆ. ಆದ್ದರಿಂದ ಅಂಟು ಹರಿಯುವ ದಾರಿಗೂ ಥ್ರೆಡ್ಡಿಗೂ ದೂರ ಇರಬೇಕು. ಅಗಲ ಬಾಯಿಯ ಬಾಟಲಿ ಬಿಟ್ಟು ನಾಜಲ್ ಇರುವ ಬಾಟಲಿಗೆ ಬನ್ನಿ. ಬಾಟಲಿಯ ಬಾಯಿಗೆ ಉದ್ದ ಮೂತಿಯ ನಾಜಲ್ ಕೂರುತ್ತದೆ. ಅದರ ಮೇಲೆ ಟೊಪ್ಪಿಯಂಥ ಮುಚ್ಚಳ ಬರುತ್ತದೆ. ಥ್ರೆಡ್ ಇರುವುದು ಕೆಳಗೆ ಬುಡದಲ್ಲಿ, ಅಂಟು ಹೊರಬರುವುದು ಮೇಲೆ ತುದಿಯಲ್ಲಿ. ಟೊಪ್ಪಿಯ ಒಳಗೆ ನಡುವಿನಲ್ಲಿ ಒಂದು ಸಣ್ಣ ಕಡ್ಡಿ ಇರಲಿ. ಮುಚ್ಚುವಾಗ ಅದು ನಾಜಲ್‌ನ ತೂತಿಗೆ ಇಳಿದು ಅಲ್ಲಿದ್ದ ಅಂಟನ್ನು ಒಳಕ್ಕೆ ತಳ್ಳುತ್ತದೆ. ತೆರೆಯುವಾಗ ತುದಿಯಲ್ಲಿ ಕಟ್ಟಿದ ಕೆನೆಯಂಥ ಪೊರೆಯನ್ನು ಹೊರಕ್ಕೆ ಎಳೆದು ತರುತ್ತದೆ. ಗಿರಾಕಿ ಗುಂಡುಸೂಜಿ ಹುಡುಕಬೇಕಾಗಿಲ್ಲ.

ನಾಜಲ್‌ನ ತುದಿಯನ್ನು ದುಂಡಗೆ ಮಾಡಿಸಬೇಡಿ. ನೋಡಲು ಚಂದ, ಆದರೆ ಹನಿ ಅದರ ಮೈ ಹಿಡಿದು ಕೆಳಗೆ ಜಾರುತ್ತದೆ. ನಮ್ಮ ಮನೆಗಳ ಗಿಂಡಿ ನೆನಪು ಮಾಡಿಕೊಳ್ಳಿ. ಒಳ್ಳೆಯ ಗಿಂಡಿಯ ಮೂತಿ ತುದಿಯಲ್ಲಿ ತೆಳ್ಳಗೆ, ಚೂಪಾಗಿ ಇರುತ್ತದೆ. ಎತ್ತಿದ ತಕ್ಷಣ ಧಾರೆ ಕಡಿಯುತ್ತದೆ, ಒಂದು ಹನಿಯೂ ಹೊಟ್ಟೆಯ ಮೇಲೆ ಇಳಿಯುವುದಿಲ್ಲ. ಅಂಚು ಜಜ್ಜಿದ ಹಳೆಯ ಗಿಂಡಿಯಲ್ಲಿ ನೀರು ಬಗ್ಗಿಸಿದರೆ ಕೈಯೆಲ್ಲ ಒದ್ದೆ. ಅಂಟಿನ ನಾಜಲ್‌ಗೂ ಅದೇ ಚೂಪು ಅಂಚು ಬೇಕು. ಬಾಟಲಿಯ ಮೈ ಮೆತ್ತಗಿರಲಿ. ಹಿಂಡಿ ಬಿಟ್ಟಾಗ ಅದು ಮೊದಲಿನ ಆಕಾರಕ್ಕೆ ಬರುತ್ತಾ ಕೊನೆಯ ಹನಿಯನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ.

ಮುಚ್ಚಳದ ಹೊರಮೈಗೆ ಆಳವಾದ ಗೀರು ಹಾಕಿಸಿ. ನಿಮ್ಮ ಅಂಟು ಬಳಸುವವರು ಬಡಗಿಗಳು. ಅವರ ಕೈಯಲ್ಲಿ ಬೆವರು, ಮರದ ಹುಡಿ ಎರಡೂ ಇರುತ್ತದೆ. ನಯವಾದ ಸಣ್ಣ ಮುಚ್ಚಳ ಆ ಕೈಗೆ ಹಿಡಿಸುವುದಿಲ್ಲ. ಥ್ರೆಡ್ ದಪ್ಪಗೆ, ಒಂದೂವರೆ ಸುತ್ತು ಇದ್ದರೆ ಸಾಕು. ಸಪೂರ ಥ್ರೆಡ್ ಮೂರು ಸುತ್ತು ಇದ್ದಷ್ಟೂ ಅಂಟಿಗೆ ಕೂರಲು ಜಾಗ ಜಾಸ್ತಿ.

ಈಗಾಗಲೇ ಅಂಗಡಿಯಲ್ಲಿರುವ ಹಳೆಯ ಬಾಟಲಿಗಳಿಗೆ ಒಂದು ಉಪಾಯ ಹೇಳುತ್ತೇನೆ. ನಮ್ಮಮ್ಮ ಹಲಸಿನ ಹಣ್ಣು ಕೊಯ್ಯುವ ಮೊದಲು ಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿಕೊಳ್ಳುತ್ತಿದ್ದರು. ಮೇಣ ಹಿಡಿಯುತ್ತಿರಲಿಲ್ಲ. ಥ್ರೆಡ್ಡಿಗೂ ಅದೇ ಲೆಕ್ಕ. ಆದರೆ ತೆಂಗಿನೆಣ್ಣೆ ಬೇಡ, ಅದು ಹರಿದು ಅಂಟಿನೊಳಗೆ ಇಳಿಯುತ್ತದೆ. ಎಣ್ಣೆ ಸೇರಿದ ಅಂಟು ಮರವನ್ನು ಹಿಡಿಯುವುದಿಲ್ಲ. ವ್ಯಾಸಲಿನ್ ಹಾಕಿದ ಜಾಗದಲ್ಲೇ ನಿಲ್ಲುತ್ತದೆ. ಬೆರಳ ತುದಿಯಲ್ಲಿ ಎಷ್ಟು ಬರುತ್ತದೋ ಅಷ್ಟು, ಹೊರಗಿನ ಥ್ರೆಡ್ಡಿಗೆ ಮಾತ್ರ. ಬಾಯಿಯ ಅಂಚಿಗೆ ತಾಗಬಾರದು. ಇದನ್ನು ಗಿರಾಕಿಗಳಿಗೂ ಹೇಳಿಕೊಡಿ. ಕಚ್ಚಿಕೊಂಡದ್ದನ್ನು ತೆರೆಯಲು ಬಾಟಲಿಯನ್ನು ತಲೆಕೆಳಗು ಮಾಡಿ, ಮುಚ್ಚಳ ಮಾತ್ರ ಮುಳುಗುವಷ್ಟು ಬಿಸಿನೀರಲ್ಲಿ ಐದು ನಿಮಿಷ ಇಡಲಿ. ಒಣಗಿದ ಬಿಳಿ ಅಂಟು ನೀರಿಗೆ ಮೆತ್ತಗಾಗುತ್ತದೆ.

ಹೊಸ ಬಾಟಲಿ ಬಂದ ಮೇಲೆ ಮನೆಯಲ್ಲೇ ಪರೀಕ್ಷೆ ಮಾಡಿ. ಹತ್ತು ಬಾಟಲಿಗೆ ಬಟ್ಟೆಗೆ ಹಾಕುವ ನೀಲಿ ಕದಡಿದ ನೀರು ತುಂಬಿಸಿ, ಮುಚ್ಚಿ, ನ್ಯೂಸ್‌ಪೇಪರಿನ ಮೇಲೆ ಅಡ್ಡ ಮಲಗಿಸಿ. ಒಂದು ಹಗಲು ಒಂದು ರಾತ್ರಿ ಬಿಡಿ. ನೀರು ಅಂಟಿಗಿಂತ ತೆಳು, ಅದು ನಿಂತರೆ ಅಂಟೂ ನಿಲ್ಲುತ್ತದೆ. ಕಾಗದದಲ್ಲಿ ಸಣ್ಣ ನೀಲಿ ಚುಕ್ಕೆ ಕಂಡರೂ ಯಾವ ಬಾಟಲಿಯದ್ದು ಅಂತ ಗುರುತು ಹಾಕಿಕೊಂಡು ಅದರ ಬಾಯಿ ನೋಡಿ. ಆಮೇಲೆ ಖಾಲಿ ಬಾಟಲಿ ಮುಚ್ಚಿ, ಬಾಲ್ದಿ ನೀರಿನಲ್ಲಿ ಮುಳುಗಿಸಿ ಎರಡು ಕೈಯಲ್ಲಿ ಹಿಂಡಿ. ಗುಳ್ಳೆ ಎಲ್ಲಿಂದ ಏಳುತ್ತದೋ ಸಂದು ಅಲ್ಲಿ. ಕೊನೆಗೆ ತೆರೆಯುವ ಪರೀಕ್ಷೆ. ನಿಜವಾದ ಅಂಟು ತುಂಬಿಸಿ ದಿನಕ್ಕೆರಡು ಸಲ ತೆರೆದು, ಸ್ವಲ್ಪ ಹಿಂಡಿ, ಮುಚ್ಚಿಡಿ. ಹತ್ತು ದಿನ ಮಾಡಿ. ಹನ್ನೊಂದನೇ ದಿನ ಮನೆಯಲ್ಲಿ ವಯಸ್ಸಾದವರು ಯಾರಿದ್ದಾರೋ ಅವರ ಕೈಗೆ ಕೊಡಿ. ನಾನು ನಮ್ಮ ಅತ್ತೆಯ ಕೈಗೆ ಕೊಡುತ್ತಿದ್ದೆ. ಅವರ ಬೆರಳಿನ ಗಂಟುಗಳು ಊದಿಕೊಂಡಿದ್ದವು. ಅವರು ತೆರೆದರೆ ಆ ಮುಚ್ಚಳ ಪಾಸ್.

ಒಂದು ಮಾತು ಮರೆತೆ. ಮುಚ್ಚಿದ ಮರುದಿನ ಮುಚ್ಚಳಗಳನ್ನು ಮತ್ತೊಮ್ಮೆ ಕೈಯಾಡಿಸಿ ನೋಡಿ. ಒಳಗಿನ ಫೋಮ್ ವಾಶರ್ ರಾತ್ರಿಯಲ್ಲಿ ಸ್ವಲ್ಪ ಕುಗ್ಗುತ್ತದೆ, ನಿನ್ನೆಯ ಬಿಗಿ ಇವತ್ತು ಇರುವುದಿಲ್ಲ.

ಪ್ರಶ್ನೆ: ಅಂಟು ಎಲ್ಲದಕ್ಕೂ ಅಂಟುತ್ತದೆ, ತನ್ನ ಬಾಟಲಿಗೆ ಮಾತ್ರ ಯಾಕೆ ಅಂಟುವುದಿಲ್ಲ? (ಮಣಿಪಾಲದ ವಿದ್ಯಾರ್ಥಿನಿ)

ಉತ್ತರ: ಒಂದೊಂದು ಅಂಟು ಗಟ್ಟಿಯಾಗಲು ಒಂದೊಂದು ಬೇಕು ಮಗಾ. ಬಿಳಿ ಅಂಟಿನಿಂದ ನೀರು ಹೋಗಬೇಕು. ಚಪ್ಪಲಿಯ ರಬ್ಬರ್ ಸೊಲ್ಯೂಷನ್‌ನಿಂದ ಥಿನ್ನರ್ ಆರಬೇಕು. ಎರಡು ಟ್ಯೂಬಿನ ಅಂಟಿಗೆ ಇನ್ನೊಂದು ಟ್ಯೂಬಿನದ್ದು ಬೆರೆಯಬೇಕು. ಅದಕ್ಕೇ ಆ ಎರಡು ಟ್ಯೂಬಿನ ಮುಚ್ಚಳ ಬೇರೆ ಬೇರೆ ಬಣ್ಣದ್ದು. ಅದಲು ಬದಲು ಹಾಕಿದರೆ ಎರಡೂ ಕಲ್ಲಾಗುತ್ತದೆ. ಬಾಟಲಿ ಮುಚ್ಚಿದ್ದಾಗ ಇದು ಯಾವುದೂ ನಡೆಯುವುದಿಲ್ಲ. ಜೊತೆಗೆ ಪಾಲಿಥಿನ್‌ನ ಮೈ ಪತ್ರೊಡೆಗೆ ತರುವ ಕೆಸುವಿನ ಎಲೆಯ ಹಾಗೆ. ಮೇಲೆ ಬಿದ್ದದ್ದು ಹರಡಿ ಹಿಡಿಯುವುದಿಲ್ಲ.

ಪ್ರಶ್ನೆ: ಕೂಡಲೇ ಅಂಟುವ ಸೂಪರ್ ಗ್ಲೂ ಒಂದು ಸಲ ಬಳಸಿದ ಮೇಲೆ ಟ್ಯೂಬಿನಲ್ಲೇ ಗಟ್ಟಿಯಾಗುತ್ತದೆ. ಬೆಂಗಳೂರಿನ ತಂಗಿಯ ಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತದಂತೆ. ನಮ್ಮಲ್ಲಿ ಯಾಕೆ ಹೀಗೆ? (ಉಡುಪಿಯ ಗೃಹಿಣಿ)

ಉತ್ತರ: ನಮ್ಮ ಗಾಳಿಯ ತೇವ ಕಾರಣ ಅಕ್ಕಾ. ಈ ಅಂಟು ಬಿಳಿ ಅಂಟಿಗೆ ತೀರಾ ಉಲ್ಟಾ. ಅದು ನೀರು ಹೋದರೆ ಗಟ್ಟಿ, ಇದು ನೀರಿನ ಪಸೆ ಸಿಕ್ಕಿದರೆ ಗಟ್ಟಿ. ಗಾಳಿಯ ತೇವವೇ ಸಾಕಾಗುತ್ತದೆ. 1942ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಮತ್ತು ಜೊತೆಯವರು ಬಂದೂಕಿನ ಗುರಿ ನೋಡುವ ಭಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಇದು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಅಂತ ಬದಿಗಿಟ್ಟರು. 1951ರಲ್ಲಿ ಎರಡು ಪ್ರಿಸಂ ನಡುವೆ ಹಾಕಿ ಪರೀಕ್ಷೆ ಮಾಡುವಾಗ ಪ್ರಿಸಂಗಳು ಬಿಡಿಸಲಾಗದ ಹಾಗೆ ಅಂಟಿಕೊಂಡವು. ಆಗ ಇದರ ಬೆಲೆ ಗೊತ್ತಾಯಿತು. 1958ರಲ್ಲಿ ಮಾರಾಟಕ್ಕೆ ಬಂತು.

ತೆಗೆದುಕೊಳ್ಳುವಾಗ ಅಲ್ಯೂಮಿನಿಯಂ ಟ್ಯೂಬ್ ಇರುವುದನ್ನೇ ತೆಗೆದುಕೊಳ್ಳಿ. ಲೋಹದ ಟ್ಯೂಬ್ ಹಿಂಡಿದರೆ ಹಿಂಡಿದ ಹಾಗೆಯೇ ಉಳಿಯುತ್ತದೆ, ಹೊರಗಿನ ತೇವದ ಗಾಳಿ ಒಳಗೆ ಹೋಗುವುದಿಲ್ಲ. ಪ್ಲಾಸ್ಟಿಕ್ ಬಾಟಲಿ ಮೊದಲಿನ ಆಕಾರಕ್ಕೆ ಬರುವಾಗ ಗಾಳಿ ಎಳೆದುಕೊಳ್ಳುತ್ತದೆ. ಕಟಪಾಡಿಯ ತಮ್ಮನ ಬಿಳಿ ಅಂಟಿಗೆ ಒಳ್ಳೆಯದಾದ ಗುಣವೇ ಇಲ್ಲಿ ಕೆಟ್ಟದ್ದು. ಹಿಂಡಿ ಬಳಸುವ ಲೋಹದ ಟ್ಯೂಬನ್ನು 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತನ್ನ ಬಣ್ಣ ಒಣಗಬಾರದು ಅಂತ ಮಾಡಿಕೊಂಡದ್ದು. ಇವತ್ತಿಗೂ ಅದಕ್ಕಿಂತ ಒಳ್ಳೆಯ ಉಪಾಯ ನಾನು ನೋಡಿಲ್ಲ.

ಬಳಸಿದ ಮೇಲೆ ಟ್ಯೂಬನ್ನು ನೆಟ್ಟಗೆ ಹಿಡಿದು ಬುಡವನ್ನು ಮೇಜಿಗೆ ಎರಡು ಸಲ ಮೆಲ್ಲಗೆ ಕುಟ್ಟಿ. ಮೂತಿಯ ಅಂಟು ಕೆಳಗಿಳಿಯುತ್ತದೆ. ಒಣಗಿದ ಟಿಶ್ಯೂ ಕಾಗದದಿಂದ ತುದಿ ಒರೆಸಿ ಮುಚ್ಚಿ. ಹತ್ತಿಯಿಂದ, ಹತ್ತಿ ಬಟ್ಟೆಯಿಂದ ಒರೆಸಬೇಡಿ. ಹತ್ತಿಗೆ ಈ ಅಂಟು ಜಾಸ್ತಿ ಬಿದ್ದರೆ ಕೈ ಸುಡುವಷ್ಟು ಬಿಸಿಯೇಳುತ್ತದೆ. ಆಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಬಾಕ್ಸಿನಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ನೆಟ್ಟಗೆ ನಿಲ್ಲಿಸಿಡಿ. ತೆರೆಯದ ಟ್ಯೂಬ್ ಇದ್ದರೆ ಫ್ರಿಜ್‌ನಲ್ಲಿಡಬಹುದು, ಮಕ್ಕಳ ಕೈಗೆ ಸಿಗದ ಜಾಗದಲ್ಲಿ. ತೆಗೆದ ಕೂಡಲೇ ತೆರೆಯಬೇಡಿ. ಒಂದು ಗಂಟೆ ಹೊರಗಿಡಿ, ಇಲ್ಲವಾದರೆ ತಣ್ಣನೆಯ ಮೂತಿಗೆ ನೀರಿನ ಪಸೆ ಕಟ್ಟುತ್ತದೆ. ಬೆರಳು ಅಂಟಿಕೊಂಡರೆ ಎಳೆಯಬೇಡಿ. ಬೆಚ್ಚಗಿನ ಸೋಪು ನೀರಲ್ಲಿ ಮುಳುಗಿಸಿ ಮೆಲ್ಲಗೆ ಉಜ್ಜಿ ಬಿಡಿಸಿ.

ಪ್ರಶ್ನೆ: ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಹತ್ತಿರ ಅಪ್ಪನಿಗೆ ಚಪ್ಪಲಿ ರಿಪೇರಿಯ ಅಂಗಡಿ ಉಂಟು. ಸೊಲ್ಯೂಷನ್ ಟಿನ್ನಿನ ಮುಚ್ಚಳವನ್ನು ದಿನಾ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸುತ್ತಾರೆ, ಸುತ್ತಿಗೆಯಿಂದ ಹೊಡೆದು ಮುಚ್ಚುತ್ತಾರೆ. ವಾರದಲ್ಲಿ ಅಂಟು ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್ ಡಬ್ಬಿಗೆ ಹಾಕಿಡಬಹುದಾ?

ಉತ್ತರ: ಬೇಡ ತಮ್ಮಾ. ಅದರೊಳಗಿನ ಥಿನ್ನರ್ ಪಾಲಿಥಿನ್‌ನ ಗೋಡೆಯ ಮೂಲಕವೇ ನಿಧಾನ ಹೊರಗೆ ಹೋಗುತ್ತದೆ. ಡಬ್ಬಿ ಮೆತ್ತಗಾಗಿ ಉಬ್ಬುತ್ತದೆ. ಟಿನ್ನೇ ಸರಿ. ತೊಂದರೆ ಮುಚ್ಚುವ ರೀತಿಯಲ್ಲಿ ಉಂಟು. ಒಂದೇ ಕಡೆ ಮೀಟಿದರೆ ಮುಚ್ಚಳ ಸೊಟ್ಟಾಗುತ್ತದೆ. ನಾಲ್ಕು ಕಡೆ ಸ್ವಲ್ಪ ಸ್ವಲ್ಪ ಎಬ್ಬಿಸಲಿ. ಬ್ರಶ್ಶನ್ನು ಟಿನ್ನಿನ ಅಂಚಿಗೆ ಉಜ್ಜಬಾರದು. ಮುಚ್ಚಳ ಕೂರುವ ತೋಡಿನಲ್ಲಿ ಅಂಟು ತುಂಬಿದರೆ ಮುಚ್ಚಳ ಅದರ ಮೇಲೆ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ಸಂಜೆ ಆ ತೋಡನ್ನು ಒಂದು ಬಟ್ಟೆಯ ಚೂರಿನಿಂದ ಒರೆಸಿ, ಮುಚ್ಚಳ ಇಟ್ಟು, ಮೇಲೆ ಮರದ ಹಲಗೆಯ ತುಂಡಿಟ್ಟು ಅಂಗೈಯಿಂದ ಒತ್ತಲಿ. ಹಲಗೆ ಇದ್ದರೆ ಒತ್ತಡ ಸುತ್ತಲೂ ಸಮ ಬೀಳುತ್ತದೆ, ಸುತ್ತಿಗೆ ಬೇಕಾಗುವುದಿಲ್ಲ.

ದೊಡ್ಡ ಟಿನ್ನನ್ನು ದಿನಕ್ಕೆ ಹತ್ತು ಸಲ ತೆರೆಯುವುದಕ್ಕಿಂತ, ಬೆಳಗ್ಗೆ ಆ ದಿನಕ್ಕೆ ಬೇಕಾದಷ್ಟನ್ನು ಸಣ್ಣ ಟಿನ್ನಿಗೆ ಬಗ್ಗಿಸಿಕೊಂಡು ದೊಡ್ಡದನ್ನು ಮುಚ್ಚಿಡಲಿ. ಮುಚ್ಚಳ ಬಿಡುವುದಿಲ್ಲ ಅಂತ ಮಾತ್ರ ಯಾವತ್ತೂ ಬೆಂಕಿಗೆ ಹಿಡಿಯಬಾರದು, ಹತ್ತಿರ ಬೀಡಿ ಹಚ್ಚಿದವರನ್ನೂ ಕೂರಿಸಬಾರದು. ಅದರ ಆವಿಗೆ ಬೆಂಕಿ ಹಿಡಿಯಲು ಕ್ಷಣ ಸಾಕು. ಮುಚ್ಚಳ ಗಟ್ಟಿಯಾಗಿದ್ದರೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಹಿಂಡಿ ಅಂಚಿನ ಸುತ್ತ ಎರಡು ನಿಮಿಷ ಸುತ್ತಿಡಿ, ಆಮೇಲೆ ನಾಲ್ಕು ಕಡೆ ಮೀಟಿ.